ಮೇಲಿನ ಬೀದಿಗೆ ಬಂತಾ?

ಆ ಮನೆಯಲ್ಲಿ ಹಗಲು ಹೊತ್ತು ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಹಾಗಂತ ಒಬ್ಬರ ಮೇಲೊಬ್ಬರಿಗೆ ಮುನಿಸೇನೂ ಇರಲಿಲ್ಲ. ಮುನಿಸಿದ್ದರೂ ಜಗಳಕ್ಕೆ ಸಂಜೆಯವರೆಗೆ ಕಾಯಬೇಕಾಗಿತ್ತು, ಯಾಕೆಂದರೆ ಹಗಲೆಲ್ಲಾ ಅಪ್ಪ ಮಲಗಿರುತ್ತಿದ್ದ.

ಅಪ್ಪನ ಕೋಣೆಯ ಕಿಟಕಿಗೆ ಅಮ್ಮ ದಪ್ಪ ನೀಲಿ ಪರದೆ ಹೊಲಿದು ಹಾಕಿದ್ದಳು. ಎಂಥ ಉರಿಬಿಸಿಲೂ ಆ ಪರದೆಯಲ್ಲಿ ಸೋಸಿಕೊಂಡು ಒಳಗೆ ಬರುವಷ್ಟರಲ್ಲಿ ನೀಲಿಯಾಗಿ, ತಣ್ಣಗಾಗಿಬಿಡುತ್ತಿತ್ತು. ಗೋಡೆ ನೀಲಿ, ಗೋಡೆಯ ಗಡಿಯಾರ ನೀಲಿ, ಮಂಚದ ಮೇಲೆ ಅಂಗಾತ ಮಲಗಿದ ಅಪ್ಪನ ಮೂಗಿನ ತುದಿಯೂ ನೀಲಿ. ಮನೆಯ ಪುಟ್ಟ ಹುಡುಗಿ ಶಾಲೆಯಿಂದ ಬಂದವಳೇ ಬಾಗಿಲ ಸಂದಿಯಿಂದ ಒಮ್ಮೆ ಇಣುಕಿ ನೋಡುತ್ತಿದ್ದಳು. ತಮ್ಮ ಮನೆ ನೀರಿನೊಳಗೆ ಇದೆಯೆಂದೂ, ಮೀನುಗಳು ಮಾತಾಡುವುದಿಲ್ಲವಾದ್ದರಿಂದ ತಾವೂ ಮಾತಾಡುವುದಿಲ್ಲವೆಂದೂ ಅವಳು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದಳು.

ಅಮ್ಮ ಬಟ್ಟೆ ಹೊಲಿಯುವವಳು. ಹೊಲಿಗೆ ಮಷೀನಿಗೆ ಹಗಲು ರಜೆ. ಆ ಹೊತ್ತಿನಲ್ಲಿ ಏನಿದ್ದರೂ ಗುಂಡಿ ಹಚ್ಚುವುದು, ಕಾಜಾ ಹಾಕುವುದು, ಅಂಚು ಮಡಚಿ ಹೊಲಿಯುವುದು, ಇಂಥ ಸದ್ದಿಲ್ಲದ ಕೈಕೆಲಸ. ಅಜ್ಜಿಯ ರಾಜ್ಯ ಅಡುಗೆಮನೆ. ಪಾತ್ರೆಗೂ ಪಾತ್ರೆಗೂ ನಡುವೆ ಹಳೇ ಬಟ್ಟೆಯ ತುಂಡಿಟ್ಟು ಜೋಡಿಸುತ್ತಿದ್ದಳು. ಕುಕ್ಕರಿಗೆ ಮಾತ್ರ ಆ ಮನೆಯ ಹೊಸ್ತಿಲು ದಾಟಲು ಅಪ್ಪಣೆಯಿರಲಿಲ್ಲ. "ಅದಕ್ಕೆ ಬಾಯಿ ಜಾಸ್ತಿ" ಎನ್ನುತ್ತಿದ್ದಳು ಅಜ್ಜಿ.

ಏನಾದರೂ ಹೇಳಲೇಬೇಕೆನಿಸಿದರೆ ಕೈಸನ್ನೆ. ಮೂಗು ಮುಟ್ಟಿದರೆ ಊಟಕ್ಕೆ ಬಾ. ಕಿವಿ ಹಿಡಿದರೆ ಅಜ್ಜಿ ಕರೀತಿದ್ದಾಳೆ. ಅಂಗೈ ಮೇಲೆ ಎರಡು ಬೆರಳು ನಡೆಸಿದರೆ ಹೊರಗೆ ಹೋಗಿ ಆಡ್ಕೋ. ಅಂಗೈಗೆ ಅಂಗೈ ಮೆಲ್ಲಗೆ ತಾಗಿಸಿದರೆ, ಬಾಗಿಲು ಹೀಗೆ ಮುಚ್ಚು ತಾಯೀ, ಯುದ್ಧಕ್ಕೆ ಹೊರಟವರ ಹಾಗಲ್ಲ. ಸಂಜೆ ಅಪ್ಪ ಎದ್ದು ಕೂತ ಕೂಡಲೇ ಅಜ್ಜಿ ತನ್ನ ತಲೆಯ ಮೇಲೆ ಅಂಗೈ ಇಟ್ಟು ಗಿರ್ರನೆ ತಿರುಗಿಸುತ್ತಿದ್ದಳು. ಎದ್ದ, ಇನ್ನು ನಿಮ್ಮ ಗಂಟಲು ನಿಮ್ಮದು ಅಂತ ಅರ್ಥ. ಆಗ ನೋಡಬೇಕಿತ್ತು ಆ ಮನೆಯನ್ನು. ಮಷೀನು ಟಕಟಕ ಶುರುಮಾಡುತ್ತಿತ್ತು, ಪಾತ್ರೆಗಳು ಧಡಬಡ ಅನ್ನುತ್ತಿದ್ದವು, ಅತ್ತೆ ಸೊಸೆ ಇಬ್ಬರೂ ಬೆಳಗಿನಿಂದ ಕೂಡಿಟ್ಟುಕೊಂಡ ಮಾತನ್ನೆಲ್ಲ ಒಬ್ಬರ ಮೇಲೊಬ್ಬರು ಸುರಿಯುತ್ತಿದ್ದರು.

ಅಪ್ಪ ಊರಿಗೆ ನೀರು ಬಿಡುವವನು. ಊರು ಮಲಗಿದ ಮೇಲೆ ಅವನ ಕೆಲಸ. ತನ್ನೆತ್ತರದ ಕಬ್ಬಿಣದ ಸಲಾಕೆಯೊಂದನ್ನು ಹೆಗಲಿಗೇರಿಸಿ ಬೀದಿ ಬೀದಿ ಸುತ್ತುತ್ತಿದ್ದ. ರಸ್ತೆ ಮಧ್ಯದ ಕಬ್ಬಿಣದ ಮುಚ್ಚಳ ಎತ್ತಿ, ಗುಂಡಿಯೊಳಕ್ಕೆ ಸಲಾಕೆ ಇಳಿಸಿ, ಅಡಿಯಲ್ಲಿರುವ ವಾಲ್ವ್ ತಿರುಗಿಸುತ್ತಿದ್ದ. ಒಂದು ಬೀದಿ ತುಂಬಿತೆಂದರೆ ಅಲ್ಲಿ ಕಟ್ಟಿ ಮುಂದಿನ ಬೀದಿಗೆ ಬಿಡುವುದು. ಎಲ್ಲಕ್ಕಿಂತ ಕೊನೆಗೆ ಮೇಲಿನ ಬೀದಿ. ಅದಿದ್ದದ್ದು ದಿಬ್ಬದ ಮೇಲೆ, ನೀರಿಗೋ ಏರು ಹತ್ತಲು ಮಹಾ ಸೋಮಾರಿತನ. ಕೆಳಗಿನ ಬೀದಿಗಳ ಬಾಯನ್ನೆಲ್ಲ ಕಟ್ಟಿದ ಮೇಲೆ, ಬೇರೆ ದಾರಿ ಕಾಣದೆ ಗೊಣಗುಟ್ಟುತ್ತಾ ಏರುತ್ತಿತ್ತು. ಆ ಕೊನೆಯ ವಾಲ್ವ್ ತಿರುಗಿಸಿ ಅಪ್ಪ ಮನೆಯ ಕಡೆ ಮುಖ ಮಾಡುವ ಹೊತ್ತಿಗೆ ಬೆಳಕು ಹರಿಯುತ್ತಿರುತ್ತಿತ್ತು. ನೀರು ಹೊರಟದ್ದು ಅವನಿಗೆ ಗೊತ್ತು. ಮುಟ್ಟಿತೋ ಇಲ್ಲವೋ ತಿಳಿಯುವ ಬಗೆಯಿಲ್ಲ, ನಲ್ಲಿಗಳೆಲ್ಲ ಬಾಗಿಲು ಹಾಕಿದ ಮನೆಗಳ ಒಳಗೆ.

ಆ ಅನುಮಾನ ಅವನನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ನಡುಮಧ್ಯಾಹ್ನ, ಗಾಢ ನಿದ್ದೆಯಲ್ಲಿ, ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ: "ಮೇಲಿನ ಬೀದಿಗೆ ಬಂತಾ?"

ಅಜ್ಜಿ ಎಲ್ಲಿದ್ದರೂ ಓಡಿಬಂದು "ಬಂತಪ್ಪ, ಬಂತು. ಮಲಗು" ಅನ್ನುತ್ತಿದ್ದಳು. ಅಪ್ಪ ಒಂದು ನಿಟ್ಟುಸಿರು ಬಿಟ್ಟು ಮಗ್ಗುಲು ಬದಲಿಸುತ್ತಿದ್ದ. ಉತ್ತರ ತಡವಾದರೆ ಕತೆ ಕೆಟ್ಟಿತು. ಕಣ್ಣು ಮುಚ್ಚಿಕೊಂಡೇ ಎದ್ದು, ಚಪ್ಪಲಿ ಹುಡುಕುತ್ತಾ ಹೊರಟುಬಿಡುತ್ತಿದ್ದ. ಒಮ್ಮೆ ಹೊದಿಕೆ ಸುತ್ತಿಕೊಂಡೇ ಬೀದಿ ಬಾಗಿಲವರೆಗೆ ಹೋಗಿ, ಹಾಲಿನವನನ್ನು ಹೆದರಿಸಿ ವಾಪಸು ಬಂದಿದ್ದ.

"ಅಜ್ಜೀ, ಬಂತು ಅಂತ ನಿಂಗೆ ಹೇಗೆ ಗೊತ್ತು?" ಎಂದು ಹುಡುಗಿ ಒಂದು ದಿನ ಪಿಸುಗುಟ್ಟಿ ಕೇಳಿದ್ದಳು.

"ನಂಗೇನು ಗೊತ್ತು? ಬಂದಿಲ್ಲ ಅಂದಿದ್ರೆ ಆ ಬೀದಿಯವರು ಇಷ್ಟೊತ್ತಿಗೆ ನಮ್ಮ ಬಾಗಿಲು ಮುರೀತಿದ್ರು. ಮುರಿದಿಲ್ಲ, ಅಂದ್ಮೇಲೆ ಬಂದಿರುತ್ತೆ," ಅಂದಿದ್ದಳು ಅಜ್ಜಿ.

ಇಂಥ ಮನೆಯಲ್ಲಿ ಬೆಳೆದ ಮಗುವಿನ ಗಂಟಲು ಹೇಗಿರಬೇಕು? ಶಾಲೆಗೆ ಸೇರಿದಾಗ ಹುಡುಗಿಯ ಮಾತು ಪಕ್ಕದಲ್ಲಿ ಕೂತವಳಿಗೂ ಅರ್ಧ ಮಾತ್ರ ಕೇಳಿಸುತ್ತಿತ್ತು. "ಜೋರಾಗಿ ಹೇಳು ಪುಟ್ಟಾ, ಕೊನೇ ಬೆಂಚಿಗೆ ಕೇಳಿಸ್ಬೇಕು" ಎಂದು ಟೀಚರ್ ಹೇಳಿ ಹೇಳಿ ಸೋತಿದ್ದರು. ಕೊನೇ ಬೆಂಚು ಅವಳಿಗೆ ಇನ್ನೊಂದು ದೇಶ. ಕ್ಲಾಸಿನವರು ಅವಳಿಗೆ ಪಿಸು ಅಂತ ಹೆಸರಿಟ್ಟರು. ಅದೇ ಕ್ಲಾಸಿನಲ್ಲಿ ತುತ್ತೂರಿ ಎಂಬ ಹುಡುಗನೊಬ್ಬನಿದ್ದ. ಅವನ ಗುಟ್ಟುಗಳು ಪಕ್ಕದ ಕ್ಲಾಸಿಗೂ ಕೇಳಿಸುತ್ತಿದ್ದುದರಿಂದ ಟೀಚರ್ ಅವನನ್ನು ಕಣ್ಣೆದುರಿಗೇ ಇರಲಿ ಎಂದು ಮೊದಲನೇ ಬೆಂಚಿನಲ್ಲಿ ಕೂರಿಸಿದ್ದರು.

ಆ ತಿಂಗಳು ಕ್ಲಾಸಿನಲ್ಲಿ 'ನಮ್ಮ ಸಹಾಯಕರು' ಎಂಬ ಪಾಠ ನಡೆಯುತ್ತಿತ್ತು. ಪುಸ್ತಕದ ಚಿತ್ರಗಳಲ್ಲಿ ಡಾಕ್ಟರು, ಪೊಲೀಸು, ಅಂಚೆಯವರು, ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹಲ್ಲು ಬಿಡುತ್ತಾ ನಿಂತಿದ್ದರು. ಒಬ್ಬರೂ ಆಕಳಿಸುತ್ತಿರಲಿಲ್ಲ. ಪುಸ್ತಕ ಸಾಲದೆಂದು ಟೀಚರ್ ಇನ್ನೊಂದು ಏರ್ಪಾಡು ಮಾಡಿದ್ದರು. ದಿನಕ್ಕೊಬ್ಬ ಮಗುವಿನ ಮನೆಯಿಂದ ಒಬ್ಬರು ಬಂದು ತಮ್ಮ ಕೆಲಸದ ಬಗ್ಗೆ ಹೇಳಬೇಕು. ಹೇಳಿದ ಮೇಲೆ ಅವರ ಅಂಗೈಯನ್ನು ಬಣ್ಣದ ಹಾಳೆಯ ಮೇಲೆ ಇರಿಸಿ, ಸುತ್ತ ಪೆನ್ಸಿಲ್ ಓಡಿಸಿ, ಕತ್ತರಿಸಿ ಗೋಡೆಗೆ ಅಂಟಿಸುವುದು. ತುತ್ತೂರಿಯ ಚಿಕ್ಕಪ್ಪ ಬೆಂಕಿ ಆರಿಸುವವನು, ಹೆಲ್ಮೆಟ್ಟಿನೊಂದಿಗೆ ಬಂದು ಕ್ಲಾಸಿನ ಎಲ್ಲ ತಲೆಗಳ ಮೇಲೂ ಅದನ್ನು ಇಟ್ಟು ತೆಗೆದು ಹೋದ. ಬ್ರೆಡ್ ಮಾಡುವವಳೊಬ್ಬಳು ಬಂದಳು, ನರ್ಸೊಬ್ಬಳು ಬಂದಳು. ಗೋಡೆಯ ಮೇಲೆ ಕೆಂಪು, ಹಳದಿ, ಹಸಿರು ಕೈಗಳು ಎದ್ದು ನಿಂತವು.

ಹಾಗಿರುವಾಗ ಟೀಚರ್ ಒಂದು ದಿನ ಪಿಸುವನ್ನು ಕೇಳಿದರು: "ನಿಮ್ಮಪ್ಪ ಹಗಲೆಲ್ಲಾ ಏನು ಮಾಡ್ತಾರೆ?"

ಪಿಸು ಏನೋ ಅಂದಳು. "ಜೋರಾಗಿ" ಅಂದರು ಟೀಚರ್. ಮತ್ತೆ ಅಂದಳು. "ಇನ್ನೂ ಜೋರಾಗಿ!" ಪಿಸು ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ಜೀವವೆಲ್ಲ ಗಂಟಲಿಗೆ ತಂದುಕೊಂಡು ಕೂಗಿದಳು: "ಮಲಗಿರ್ತಾರೆ!"

ಅವಳ ಜನ್ಮದಲ್ಲಿ ಕೊನೇ ಬೆಂಚಿಗೆ ಮುಟ್ಟಿದ ಮೊದಲ ಮಾತು ಅದು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು, ಅದರಲ್ಲಿ ಅವಳ ತಪ್ಪೇನೂ ಇಲ್ಲ. ರಾತ್ರಿಯ ಸಂಗತಿಯನ್ನೂ ಹೇಳಿದಳು, ಆದರೆ ಅಷ್ಟರಲ್ಲಿ ಗಂಟಲು ಮಾಮೂಲಿನ ಅಳತೆಗೆ ಇಳಿದಿತ್ತು. ಆ ನಗುವಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. "ನಿದ್ದೆ ಅಪ್ಪ! ನಿದ್ದೆ ಅಪ್ಪ!" ಎಂದು ತುತ್ತೂರಿ ಊದಿದ. ಟೀಚರ್ ಅವನನ್ನು ಗದರಿ, ಪಿಸುವಿನ ತಲೆ ಸವರಿ, "ನಾಡಿದ್ದು ನಿಮ್ಮಪ್ಪನ್ನೇ ಕರ್ಕೊಂಡು ಬಾ. ಅವರೇ ಬಂದು ಹೇಳ್ಲಿ" ಅಂದರು. ಪಿಸು ಗೋಡೆಯ ಕೈಗಳನ್ನು ನೋಡಿದಳು. ಅಲ್ಲಿ ಅಪ್ಪನ ಕೈ ಬರಬೇಕು, ಬಂದೇ ಬರಬೇಕು ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಅಳುವೇ ಬಂತು.

ಸಂಜೆ ಸಂಗತಿ ಕೇಳಿ ಅಪ್ಪನಿಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು.

"ನಾನಾ? ನಾನೇನಮ್ಮ ಮಾತಾಡ್ಲಿ?"

"ರಾತ್ರಿ ಏನ್ ಮಾಡ್ತೀಯ ಅಂತ ಹೇಳಪ್ಪ."

"ವಾಲ್ವ್ ತಿರುಗಿಸ್ತೀನಿ. ಆಯ್ತಲ್ಲ, ಭಾಷಣ ಮುಗೀತು."

ಅಜ್ಜಿ ಒಳಗಿನಿಂದಲೇ ಕೂಗಿದಳು: "ಅವನನ್ನ ಕರ್ಕೊಂಡು ಹೋದ್ರೆ ನಿಲ್ಲಿಸಿಯೇ ಇಡು ಮರೀ. ಕುರ್ಚಿ ಕಂಡ್ರೆ ಸಾಕು, ಹೋದ. ಮದುವೆ ದಿನಾನೇ ತೂಕಡಿಸಿದ ಗಂಡು ಅದು."

"ನೋಡಿಲ್ವಾ ನಾನು," ಅಂದಳು ಅಮ್ಮ, ಮಷೀನು ನಿಲ್ಲಿಸದೆ.

ಅಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ. "ನಿನ್ನಾಣೆ, ಮಲಗಲ್ಲ. ಕೆಲಸ ಮುಗಿಸಿ ನೆಟ್ಟಗೆ ಸ್ಕೂಲಿಗೇ ಬರ್ತೀನಿ. ಸಲಾಕೇನೂ ತರ್ತೀನಿ. ಸರೀನಾ?"

ಸರಿಯೇ ಸರಿ. ಮಾರನೇ ಸಂಜೆ ಗಡ್ಡ ಹೆರೆಯುತ್ತಾ ಕನ್ನಡಿಗೆ ಹೇಳುತ್ತಿದ್ದ: "ಮಕ್ಕಳೇ, ನೀರು ಅಂದ್ರೆ..." ಪ್ರತಿ ಸಲವೂ ಅಲ್ಲಿಗೇ ನಿಲ್ಲುತ್ತಿತ್ತು. ನೀರು ಅಂದರೆ ಏನೆಂದು ಕನ್ನಡಿಗೂ ಗೊತ್ತಿರಲಿಲ್ಲ.

ಆ ರಾತ್ರಿಯೇ ದಿಬ್ಬದ ಬುಡದಲ್ಲಿ ಪೈಪು ಒಡೆಯಬೇಕೆ! ರಿಪೇರಿಯವರ ಜೊತೆ ಅಪ್ಪ ಬೆಳಗಾಗುವವರೆಗೂ ಮೊಣಕಾಲು ನೀರಿನಲ್ಲಿ ನಿಂತಿದ್ದ. ಕೊನೆಯ ವಾಲ್ವ್ ತಿರುಗಿಸಿ, ರಿಪೇರಿಯ ಗುಂಡಿ ಮುಚ್ಚಿಸಿ ಶಾಲೆಗೆ ಬಂದಾಗ ಹಾಜರಿ ಕರೆಯುವ ಹೊತ್ತು. ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ತಲೆಗೂದಲನ್ನು ಕೈಯಲ್ಲೇ ನೀವಿಕೊಂಡು ಬಾಗಿಲಲ್ಲಿ ನಿಂತ. ಪ್ಯಾಂಟು ಮಂಡಿಯವರೆಗೂ ಒದ್ದೆ. "ಬನ್ನಿ, ಕೂತ್ಕೊಳ್ಳಿ. ಹಾಜರಿ ಮುಗಿಸಿಬಿಡ್ತೀನಿ," ಎಂದು ಟೀಚರ್ ತಮ್ಮ ತೋಳುಕುರ್ಚಿಯನ್ನೇ ಅವನಿಗೆ ಹಾಕಿದರು. ಅಜ್ಜಿ ಅಲ್ಲಿದ್ದಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಪ್ಪ ಸಲಾಕೆಯನ್ನು ಗೋಡೆಗೆ ಒರಗಿಸಿಟ್ಟು ಕೂತ, ಮಗಳ ಕಡೆ ನೋಡಿ ಕಣ್ಣು ಮಿಟುಕಿಸಿದ. ಆ ಮಿಟುಕಿಸಿದ ಕಣ್ಣು ಪೂರ್ತಿಯಾಗಿ ತೆರೆಯಲೇ ಇಲ್ಲ. ಇನ್ನೊಂದು ಕಣ್ಣೂ ಅದಕ್ಕೆ ಜೊತೆಯಾಯಿತು. ಹಾಜರಿ ಮುಗಿಯುವಷ್ಟರಲ್ಲಿ ಗದ್ದ ಎದೆಗೆ ತಾಗಿತ್ತು.

"ಟೀಚರ್! ನಿದ್ದೆ ಅಪ್ಪ ಮಲಗೇಬಿಟ್ರು!"

ತುತ್ತೂರಿಯ ಆ ಒಂದು ಕೂಗಿಗೆ ಕ್ಲಾಸೆಲ್ಲ ಗೊಳ್ಳೆಂದಿತು. ಪಿಸುವಿಗೆ ಕಿವಿ ಬಿಸಿಯಾಯಿತು. ಆಣೆ ಇಟ್ಟಿದ್ದನಲ್ಲ! ತನ್ನ ತಲೆಯ ಮೇಲೇ ಕೈಯಿಟ್ಟು ಆಣೆ ಇಟ್ಟಿದ್ದನಲ್ಲ! ಅವಳಿಗೆ ಅಪ್ಪನ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಚಿವುಟಿ ಎಬ್ಬಿಸುತ್ತೇನೆ ಎಂದುಕೊಂಡೇ ಬೆಂಚಿನಿಂದ ಇಳಿದು ನೇರ ಕುರ್ಚಿಯ ಹತ್ತಿರ ಹೋದಳು. ಎಬ್ಬಿಸಿದರೆ ಮಾತಾಡುತ್ತಾನೆ, ಮಾತಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಗೋಡೆಯ ಮೇಲೆ ಕೈ ಬರುತ್ತದೆ.

ಹತ್ತಿರ ಹೋದಾಗ ಅಪ್ಪನ ಹುಬ್ಬುಗಳ ನಡುವೆ ಗಂಟು ಕಂಡಿತು. ಸದ್ದಿಗೆ ಎಚ್ಚರವಾಗುವ ಮೊದಲು ಬರುವ ಗಂಟು ಅದು, ಅವಳಿಗೆ ಚೆನ್ನಾಗಿ ಗೊತ್ತು. ಕೆಳಗೆ ಅವನ ಪಾದಗಳು ಕಂಡವು. ರಾತ್ರಿಯೆಲ್ಲ ನೀರಲ್ಲಿ ನೆನೆದು ಬೆರಳುಗಳು ಬೆಳ್ಳಗೆ ನಿರಿಗೆಗಟ್ಟಿದ್ದವು. ಚಿವುಟಲು ಎತ್ತಿದ ಕೈ ಅಲ್ಲೇ ನಿಂತಿತು. ಸಿಟ್ಟು ಎಲ್ಲಿ ಹೋಯಿತೋ, ಅಪ್ಪನ ಮೇಲೆ ಪ್ರೀತಿಯೇ ಉಕ್ಕಿಬಂತು ಅವಳಿಗೆ.

ಅಷ್ಟರಲ್ಲಿ ಟೀಚರೇ ಅವನನ್ನು ಎಬ್ಬಿಸಲೆಂದು ಬಂದರು. ಪಿಸು ಅವರ ಕೈ ಹಿಡಿದುಕೊಂಡಳು.

"ಎಬ್ಬಿಸಬೇಡಿ ಟೀಚರ್. ಈಗಷ್ಟೇ ಮಲಗಿದ್ದಾರೆ."

ಮನೆಗೆ ಬಂದವರಿಗೆಲ್ಲ ಅಜ್ಜಿ ಹೇಳುತ್ತಿದ್ದ ಮಾತನ್ನೇ, ಅಜ್ಜಿಯ ದನಿಯಲ್ಲೇ ಹೇಳಿದ್ದಳು. ಟೀಚರ್ ಬಗ್ಗಿ ಕೇಳಿದರು: "ಮತ್ತೆ ಹೇಳೋರು ಯಾರು?"

ಪಿಸು ಹಿಡಿದ ಕೈ ಬಿಡಲಿಲ್ಲ. ಟೀಚರ್ ಅವಳನ್ನೂ ನೋಡಿದರು, ಒದ್ದೆ ಪ್ಯಾಂಟನ್ನೂ ನೋಡಿದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಪರದೆ ಎಳೆದರು. ಅದು ಹಸಿರು ಪರದೆ. ಕ್ಲಾಸೆಲ್ಲ ಹಸಿರಾಯಿತು, ಬೆಂಚು, ಬೋರ್ಡು, ಮಕ್ಕಳ ಕೆನ್ನೆ, ಎಲ್ಲ. ಇದೂ ನೀರೇ ಅಂದುಕೊಂಡಳು ಪಿಸು, ಮನೆಯದು ಸಮುದ್ರ, ಇದು ಕೆರೆ. ಅವಳ ಹೆದರಿಕೆ ಹೊರಟುಹೋಯಿತು. ನೀರಿನೊಳಗೆ ಹೇಗಿರಬೇಕೆಂದು ಆ ಕ್ಲಾಸಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಕ್ಲಾಸಿನ ಎದುರು ನಿಂತು ಅಂಗೈಗೆ ಅಂಗೈ ಮೆಲ್ಲಗೆ ತಾಗಿಸಿದಳು. ಬಾಗಿಲ ಬಳಿಯ ಹುಡುಗನಿಗೆ ಅದು ಹೇಗೋ ಅರ್ಥವಾಗಿ, ಎದ್ದು ಹೋಗಿ, ಬಾಗಿಲನ್ನು ಬೆಣ್ಣೆಯ ಹಾಗೆ ಮುಚ್ಚಿದ. ಮೂಗು ಮುಟ್ಟಿದಳು, ಪಿಸುದನಿಯಲ್ಲಿ "ಊಟ" ಅಂದಳು. ಕಿವಿ ಹಿಡಿದಳು, "ಅಜ್ಜಿ ಕರೀತಿದ್ದಾಳೆ." ಮಕ್ಕಳಿಗೆ ಬೇಕಾದದ್ದೇ ಅದು. ನಗು ಎಲ್ಲಿ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಮೂಗು ಮುಟ್ಟಿಕೊಂಡರು, ಕಿವಿ ಹಿಡಿದುಕೊಂಡರು, ಅಂಗೈ ಮೇಲೆ ಬೆರಳು ನಡೆಸಿದರು. ಟೀಚರ್ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಓಡಾಡತೊಡಗಿದರು.

ಆಗ ಗೋಡೆಗೆ ಒರಗಿಸಿದ್ದ ಸಲಾಕೆ ಜಾರಲು ಶುರುವಾಯಿತು.

ಮೊದಲು ಇಷ್ಟೇ ಇಷ್ಟು. ಆಮೇಲೆ, ಯಾವುದೋ ಆಲೋಚನೆಯಲ್ಲಿ ಇರುವವರ ಹಾಗೆ, ಗೋಡೆಯ ಗುಂಟ ಒಂದು ಗೆರೆ ಎಳೆಯುತ್ತಾ ನಿಧಾನವಾಗಿ ವಾಲಿತು. ನೆಲಕ್ಕೆ ಬಿದ್ದರೆ ಶಾಲೆಯೇ ಎದ್ದು ಕೂರುವಂಥ ಕಬ್ಬಿಣ. ಪಿಸು ದೂರವಿದ್ದಳು, ಟೀಚರ್ ಇನ್ನೂ ದೂರ. ಮೊದಲನೇ ಬೆಂಚಿನಿಂದ ತುತ್ತೂರಿ ಹಾರಿದವನೇ ಎರಡೂ ತೋಳುಗಳಿಂದ ಅದನ್ನು ತಬ್ಬಿ ಹಿಡಿದ. ಭಾರಕ್ಕೆ ಕಾಲು ನಡುಗಿತು, ಮುಖ ಕೆಂಪಾಯಿತು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಟೀಚರ್ ಬಂದು ಕೈಕೊಟ್ಟು, ಇಬ್ಬರೂ ಸೇರಿ ಅದನ್ನು ಮಗು ಮಲಗಿಸಿದ ಹಾಗೆ ನೆಲದ ಮೇಲೆ ಮಲಗಿಸಿದರು.

ತುತ್ತೂರಿ ತನ್ನ ಅಂಗೈಗಳನ್ನು ಉಜ್ಜಿಕೊಳ್ಳುತ್ತಾ ನೋಡಿಕೊಂಡ. ಆಮೇಲೆ ಪಿಸುವಿನ ಕಿವಿಯ ಹತ್ತಿರ ಬಂದು, ತನ್ನ ಕೈಲಾದಷ್ಟು ಸಣ್ಣ ದನಿಯಲ್ಲಿ ಕೇಳಿದ: "ಇಷ್ಟು ಭಾರ ಯಾಕಿದೆ? ಇದರಲ್ಲಿ ಏನ್ ಮಾಡ್ತಾರೆ ನಿಮ್ಮಪ್ಪ?"

ಅವನ ಸಣ್ಣ ದನಿ ಎಲ್ಲರಿಗೂ ಕೇಳಿಸಿತು. ಎಲ್ಲರೂ ಪಿಸುವಿನ ಕಡೆ ನೋಡಿದರು.

ಪಿಸು ಹೇಳಿದಳು. ತನ್ನ ಎಂದಿನ ದನಿಯಲ್ಲೇ ಹೇಳಿದಳು, ಅದಕ್ಕಿಂತ ಒಂದು ಎಳೆಯೂ ಏರಿಸಲಿಲ್ಲ. ಆದರೆ ಕ್ಲಾಸು ಅವಳ ಮನೆಯಷ್ಟೇ ನಿಶ್ಶಬ್ದವಾಗಿದ್ದುದರಿಂದ ಆ ದನಿ ಬೆಂಚಿನಿಂದ ಬೆಂಚಿಗೆ ಹರಿದು ಕೊನೇ ಬೆಂಚಿನವರೆಗೂ ಹೋಯಿತು.

"ರಾತ್ರಿ ನಾವೆಲ್ಲಾ ಮಲಗಿರ್ತೀವಲ್ಲ, ಆಗ ನೀರೂ ಮಲಗಿರುತ್ತೆ. ದೊಡ್ಡ ಟ್ಯಾಂಕಲ್ಲಿ. ಅಪ್ಪ ಹೋಗಿ ಎಬ್ಬಿಸ್ತಾರೆ. ರಸ್ತೇಲಿ ಮುಚ್ಚಳ ಇರುತ್ತಲ್ಲ ಕಬ್ಬಿಣದ್ದು, ಅದರೊಳಗೆ ಇದನ್ನ ಇಳಿಸಿ ತಿರುಗಿಸ್ತಾರೆ. ಆಗ ನೀರು ಎದ್ದು ನಮ್ಮ ಮಂಚದ ಕೆಳಗೇ ಹೋಗುತ್ತೆ. ನಮ್ಗೆ ಗೊತ್ತಾಗಲ್ಲ. ಎಲ್ಲರ ಮನೆಗೂ ಹೋಗುತ್ತೆ. ಒಂದು ಬೀದಿ ಆದ್ಮೇಲೆ ಒಂದು ಬೀದಿ. ಎಲ್ಲಾದ್ರೂ ನಾಯಿ ಅಡ್ಡ ಬಂದ್ರೆ ಅಪ್ಪ ಅದರ ಹತ್ರ ಮಾತಾಡ್ತಾರೆ."

ನಾಯಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಅದು ಇರಲೇಬೇಕು ಎನಿಸಿತ್ತು. ಮಕ್ಕಳ ಕಣ್ಣುಗಳು ಅಗಲವಾಗಿದ್ದವು. ಬಾಗಿಲ ಬಳಿಯ ಹುಡುಗ ನೆಲಕ್ಕೆ ಕಿವಿ ಹಚ್ಚಿ ಮಲಗಿದ. ಅವನನ್ನು ನೋಡಿ ಇನ್ನಿಬ್ಬರು ಮಲಗಿದರು. ಹೋಗ್ತಾ ಇದೆ, ಕೇಳಿಸ್ತಾ ಇದೆ ಎಂದು ಸನ್ನೆ ಮಾಡಿದರು. ಹಗಲಲ್ಲಿ ಆ ಪೈಪಿನಲ್ಲಿ ನೀರು ಹರಿಯುವುದಿಲ್ಲವೆಂದು ಹೇಳುವಷ್ಟು ಕಟುಕರು ಅಲ್ಲಿ ಯಾರೂ ಇರಲಿಲ್ಲ.

ಇನ್ನೇನು ಊಟದ ಗಂಟೆ ಬಾರಿಸುವ ಹೊತ್ತು. ಟೀಚರ್ ಗಾಬರಿಯಿಂದ ಗಡಿಯಾರ ನೋಡಿದರು. ಕೊನೇ ಬೆಂಚಿನ ಹುಡುಗಿಯೊಬ್ಬಳು ತುದಿಗಾಲಲ್ಲಿ ಓಡಿ, ಸುತ್ತಿಗೆ ಎತ್ತಿದ್ದ ಗಂಟೆ ತಾತನನ್ನು ತಡೆದು, ಏನೇನೋ ಪಿಸುಗುಟ್ಟಿ, ಸನ್ನೆ ಕಲಿಸಿ ಬಂದಳು. ಶಾಲೆಯಲ್ಲಿ ಆ ತಾತನಿಗಿದ್ದ ಹೆಮ್ಮೆಯೆಂದರೆ ಅವನ ಗಂಟೆ ಒಂದೇ. ಪಾಪ, ಅದನ್ನೂ ಬಿಟ್ಟುಕೊಟ್ಟ. ಪ್ರತಿ ಕ್ಲಾಸಿನ ಬಾಗಿಲಿಗೂ ಹೋಗಿ, ಒಂದು ಮಾತೂ ಆಡದೆ, ತನ್ನ ಮೂಗು ಮುಟ್ಟಿ ತೋರಿಸಿ ಬಂದ. ದೊಡ್ಡ ಕ್ಲಾಸುಗಳ ಮೇಷ್ಟ್ರುಗಳು ತಾತನಿಗೆ ಏನಾಯಿತೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಿಸುವಿನ ಕ್ಲಾಸಿನವರು ಮಾತ್ರ ಎದ್ದು ಹೋಗಲಿಲ್ಲ. ತುತ್ತೂರಿ ಬಣ್ಣದ ಹಾಳೆಗಳ ಕಟ್ಟು ತಂದು ಅವಳ ಮುಂದೆ ಹಿಡಿದ. ಗೋಡೆ ತೋರಿಸಿದ, ಅಪ್ಪನ ಕೈ ತೋರಿಸಿದ. ಪಿಸು ನೀಲಿ ಹಾಳೆ ಆರಿಸಿದಳು.

ಅಪ್ಪನ ಬಲಗೈ ಮಂಡಿಯ ಮೇಲೆ ತೆರೆದುಕೊಂಡು ಬಿದ್ದಿತ್ತು. ತುತ್ತೂರಿ ಒಂದು ದಪ್ಪ ಪುಸ್ತಕದ ಮೇಲೆ ಹಾಳೆಯಿಟ್ಟು ಮಂಡಿಯ ಪಕ್ಕಕ್ಕೆ ಆನಿಸಿ ಹಿಡಿದ. ಪಿಸು ಎರಡೂ ಕೈಯಲ್ಲಿ ಅಪ್ಪನ ಕೈಯನ್ನೆತ್ತಿ, ಮಗುಚಿ, ಹಾಳೆಯ ಮೇಲೆ ಇಳಿಸಿದಳು. ಮಕ್ಕಳೆಲ್ಲ ಸುತ್ತ ಬಗ್ಗಿ ನಿಂತರು. ಪೆನ್ಸಿಲ್ ಹೆಬ್ಬೆರಳನ್ನು ಹತ್ತಿ ಇಳಿಯಿತು. ತೋರುಬೆರಳನ್ನು ಹತ್ತಿ ಇಳಿಯಿತು. ನಡುಬೆರಳಿನ ತುದಿಗೆ ಬರುವಾಗ ಅಪ್ಪನ ಹುಬ್ಬು ಗಂಟಿಕ್ಕಿತು, ತುಟಿ ಅಲುಗಿತು.

"ಮೇಲಿನ ಬೀದಿಗೆ ಬಂತಾ?"

ಪಿಸು ಪೆನ್ಸಿಲ್ ನಿಲ್ಲಿಸಿದಳು. ಅಜ್ಜಿ ಇಲ್ಲ. ಬಂತು ಎಂದುಬಿಡಬೇಕು, ತಡಮಾಡಿದರೆ ಎದ್ದುಬಿಡುತ್ತಾನೆ. ಆದರೆ ರಾತ್ರಿ ಪೈಪು ಒಡೆದಿತ್ತಲ್ಲ? ಬಂದಿರದಿದ್ದರೆ? ಅಪ್ಪನ ಪಾದಗಳು ಆಗಲೇ ನೆಲದ ಮೇಲೆ ಚಪ್ಪಲಿ ಹುಡುಕುತ್ತಿದ್ದವು. ಅವನು ಮತ್ತೆ ಕೇಳಿದ, ಈ ಸಲ ದನಿಯಲ್ಲಿ ಸಂಕಟವಿತ್ತು. "ಮೇಲಿನ ಬೀದಿಗೆ... ಬಂತಾ?"

"ಬಂತು ಅಂಕಲ್."

ಹೇಳಿದವನು ತುತ್ತೂರಿ. ಯಾರಿಗೂ 'ತುತ್ತೂರಿಯೇ ಇದು' ಎಂದು ಗೊತ್ತಾಗದಷ್ಟು ಮೆತ್ತಗಿನ ದನಿ. "ನಮ್ಮನೆ ಮೇಲಿನ ಬೀದೀಲೇ ಇರೋದು. ಬೆಳಿಗ್ಗೆ ತಡವಾಗಿ ಬಂತು, ಆದ್ರೂ ಬಂತು. ನಾನು ಸ್ನಾನ ಮಾಡ್ಕೊಂಡೇ ಬಂದಿದ್ದು," ಎಂದು ಸಾಕ್ಷಿಗೆ ತನ್ನ ಇನ್ನೂ ಪೂರ್ತಿ ಆರದ ಕೂದಲನ್ನು ಮುಟ್ಟಿ ತೋರಿಸಿದ, ಕಣ್ಣು ಮುಚ್ಚಿದ್ದ ಮನುಷ್ಯನಿಗೆ.

ಇಷ್ಟು ವರ್ಷ ಆ ಪ್ರಶ್ನೆಗೆ ಅಜ್ಜಿ ಅಂದಾಜಿನ ಮೇಲೆ ಉತ್ತರ ಕೊಡುತ್ತಾ ಬಂದಿದ್ದಳು. ಕಣ್ಣಾರೆ ಕಂಡವರು ಹೇಳಿದ್ದು ಇದೇ ಮೊದಲು.

"ನಮ್ಮ ಬೀದಿಗೂ ಬಂತು," ಎಂದಿತು ಹಿಂದಿನಿಂದ ಒಂದು ಪಿಸುದನಿ. "ನಮ್ಮನೆಗೂ." "ನಮ್ಮನೇಲಿ ಕೊಡ ತುಂಬಿ ಚೆಲ್ಲಿತು." "ನಮ್ಮ ಬೀದೀಗೂ ಅಂಕಲ್, ನಮ್ಮಜ್ಜ ಗಿಡಕ್ಕೂ ಹಾಕಿದ್ರು." ಕುರ್ಚಿಯ ಸುತ್ತ ಒಂದೊಂದೇ ಬೀದಿ ಬಂದು ಹಾಜರಿ ಹೇಳಿತು. ಅಪ್ಪ ಉದ್ದನೆಯ ನಿಟ್ಟುಸಿರು ಬಿಟ್ಟ. ಹುಬ್ಬಿನ ಗಂಟು ಬಿಚ್ಚಿಕೊಂಡಿತು, ಪಾದಗಳು ಸುಮ್ಮನಾದವು. ಟೀಚರ್ ಬೋರ್ಡಿನ ಕಡೆ ತಿರುಗಿ, ಬರೆದೇ ಇಲ್ಲದ ಏನನ್ನೋ ಒರೆಸುತ್ತಾ ನಿಂತರು. ಪಿಸು ಕಿರುಬೆರಳನ್ನೂ ಸುತ್ತಿ ಗೆರೆ ಮುಗಿಸಿದಳು.

ಅಪ್ಪ ತಾನಾಗಿಯೇ ಎದ್ದಾಗ ಬಿಸಿಲು ಪರದೆಯ ಆಚೆ ಕೆಳಗಿಳಿದಿತ್ತು. ಕಣ್ಣು ಬಿಟ್ಟು ನೋಡಿದರೆ ಹಸಿರು ಬೆಳಕು, ಸುತ್ತ ಮಕ್ಕಳು, ಎಲ್ಲರೂ ತಲೆಯ ಮೇಲೆ ಅಂಗೈ ಇಟ್ಟು ಗಿರ್ರನೆ ತಿರುಗಿಸುತ್ತಿದ್ದಾರೆ! ಇದು ನಮ್ಮಮ್ಮನ ಸನ್ನೆಯಲ್ಲವೇ, ಇಷ್ಟೊಂದು ಅಮ್ಮಂದಿರು ಎಲ್ಲಿಂದ ಬಂದರು ಎಂದು ಅವನು ತಬ್ಬಿಬ್ಬಾಗುವಷ್ಟರಲ್ಲಿ, ಬೆಳಗಿನಿಂದ ಕೂಡಿಟ್ಟುಕೊಂಡಿದ್ದ ಗದ್ದಲವನ್ನೆಲ್ಲ ಕ್ಲಾಸು ಒಂದೇ ಸಲಕ್ಕೆ ಹೊರಗೆ ಬಿಟ್ಟಿತು. ಹೊರಗೆ ಗಂಟೆ ತಾತ ತನ್ನ ಬಾಕಿಯೆಲ್ಲ ತೀರುವಷ್ಟು ಬಾರಿಸಿದ.

ಮನೆಯ ದಾರಿಯಲ್ಲಿ ಅಪ್ಪ ತಲೆ ತಗ್ಗಿಸಿಕೊಂಡೇ ನಡೆದ. ಸಲಾಕೆ ಹೆಗಲ ಮೇಲಿತ್ತು, ಮಗಳ ಕೈ ಕೈಯಲ್ಲಿತ್ತು.

"ಆಣೆ ಮುರಿದುಬಿಟ್ಟೆ ಮರೀ. ಒಂದು ಮಾತೂ ಆಡ್ಲಿಲ್ಲ. ನಿನ್ನ ಮರ್ಯಾದೆ ತೆಗೆದೆ."

"ನೀನು ಆಡಿದೆ ಅಪ್ಪ. ಒಂದು ಮಾತು ಕೇಳಿದೆ."

"ಏನು ಕೇಳ್ದೆ?"

"ದಿನಾ ಕೇಳ್ತೀಯಲ್ಲ, ಅದೇ."

ಅಪ್ಪ ರಸ್ತೆಯ ನಡುವೆ, ತನ್ನದೇ ಒಂದು ಕಬ್ಬಿಣದ ಮುಚ್ಚಳದ ಪಕ್ಕದಲ್ಲಿ ನಿಂತುಬಿಟ್ಟ. ರಾತ್ರಿಯೆಲ್ಲ ನೀರಲ್ಲಿ ನಿಂತಿದ್ದು, ಬೆಳಗಿನ ಆ ಕೊನೆಯ ವಾಲ್ವ್, ಎಲ್ಲ ಒಟ್ಟಿಗೆ ನೆನಪಾಗಿರಬೇಕು.

"ಯಾರು ಹೇಳಿದ್ರು?"

"ತುತ್ತೂರಿ. ಅವನ ಮನೆ ಅಲ್ಲೇ ಇರೋದು, ಮೇಲಿನ ಬೀದೀಲಿ."

"ಏನಂದ?"

ಪಿಸು ಕಣ್ಣು ಮುಚ್ಚಿದಳು. ಉಸಿರೆಳೆದುಕೊಂಡಳು. ಇಲ್ಲಿ ಯಾರೂ ಮಲಗಿರಲಿಲ್ಲ. ಅಂಗಡಿಯವರು ತಿರುಗಿ ನೋಡುವ ಹಾಗೆ, ದಿಬ್ಬದ ಮೇಲಿನ ಬೀದಿಗೂ ಕೇಳಿಸುವ ಹಾಗೆ ಕೂಗಿ ಹೇಳಿದಳು:

"ಬಂತಂತೆ ಅಪ್ಪಾ! ಸ್ನಾನಾನೂ ಮಾಡಿದ್ನಂತೆ!"